ಟಿವಿಯಲ್ಲಿ ಸುಳ್ಳು ಬಂದರೆ ದೂರು ಕೊಡುವುದು ಹೇಗೆ?

ಹೊಸ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹ ಅದನ್ನು ಪತ್ತೆ ಹಚ್ಚುತ್ತದೆ ಎಂದು 2016ರ ನವೆಂಬರ್‌ನಲ್ಲಿ ಕೆಲವು ಸುದ್ದಿವಾಹಿನಿಗಳು ಹೇಳಿದವು. ಅಂಥ ಚಿಪ್ ಇರಲೇ ಇಲ್ಲ. ಇಂಥದ್ದನ್ನು ನೋಡಿದಾಗ ನಮ್ಮಲ್ಲಿ ಹೆಚ್ಚಿನವರು ಬೈದುಕೊಂಡು ಚಾನೆಲ್ ಬದಲಿಸುತ್ತೇವೆ, ಇಲ್ಲವೇ ವಾಟ್ಸ್‌ಆ್ಯಪ್‌ನಲ್ಲಿ ಸಿಟ್ಟು ತೀರಿಸಿಕೊಳ್ಳುತ್ತೇವೆ. ಎರಡರಿಂದಲೂ ವಾಹಿನಿಗೆ ಏನೂ ಆಗುವುದಿಲ್ಲ. ಬರವಣಿಗೆಯಲ್ಲಿ ಕೊಟ್ಟ ದೂರಿಗೆ ಮಾತ್ರ ಅದು ಉತ್ತರ ಕೊಡಲೇಬೇಕು.

ಹೀಗೆ ಕೊಟ್ಟ ದೂರು ಫಲ ಕೊಟ್ಟ ನಿದರ್ಶನ ಕನ್ನಡದಲ್ಲೇ ಇದೆ. 2020ರಲ್ಲಿ ಕೊರೊನಾ ಹರಡುವಿಕೆಯನ್ನು ತಬ್ಲೀಗಿ ಜಮಾತ್‌ಗೆ ಕಟ್ಟಿ ಪ್ರಸಾರವಾದ ಕಾರ್ಯಕ್ರಮಗಳ ವಿರುದ್ಧ ಬೆಂಗಳೂರಿನ ನಾಗರಿಕರ ಗುಂಪೊಂದು ದೂರು ಕೊಟ್ಟಿತು. 2021ರ ಜೂನ್‌ನಲ್ಲಿ, ಸುದ್ದಿವಾಹಿನಿಗಳ ಒಕ್ಕೂಟವೇ ರಚಿಸಿಕೊಂಡ ಸುದ್ದಿ ಪ್ರಸಾರ ಮಾನದಂಡ ಪ್ರಾಧಿಕಾರವು ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ನ್ಯೂಸ್18 ಕನ್ನಡ ಪರದೆಯ ಮೇಲೆ ಕ್ಷಮೆ ಕೇಳಬೇಕೆಂದೂ ಆದೇಶಿಸಿತು. ಅದಕ್ಕೂ ಮುಂಚೆ, 2020ರ ಅಕ್ಟೋಬರ್‌ನಲ್ಲಿ, ನಟ ಸುಶಾಂತ್ ಸಿಂಗ್ ರಜಪೂತ್ ಅವರದ್ದಲ್ಲದ ಟ್ವೀಟ್‌ಗಳನ್ನು ಅವರದ್ದೆಂದು ತೋರಿಸಿದ್ದಕ್ಕಾಗಿ ಆಜ್ ತಕ್ ವಾಹಿನಿ 1 ಲಕ್ಷ ರೂಪಾಯಿ ದಂಡ ತೆರಬೇಕಾಯಿತು.

ಮೊದಲು ಆ ಒಂದು ವಾಕ್ಯವನ್ನು ಹಿಡಿಯಿರಿ

ಹೆಚ್ಚಿನ ದೂರುಗಳು ಸೋಲುವುದು ಇಲ್ಲೇ. “ಈ ನಿರೂಪಕರು ಒಂದು ಪಕ್ಷದ ಪರ ಮಾತಾಡುತ್ತಾರೆ” ಎಂದು ಬರೆದರೆ ಅದು ನಿಮ್ಮ ಅಭಿಪ್ರಾಯ, ಅವರದು ಅವರ ಅಭಿಪ್ರಾಯ ಎಂಬಲ್ಲಿಗೆ ಮಾತು ಮುಗಿಯುತ್ತದೆ. “ಈ ಸರ್ಕಾರ ಕೆಟ್ಟದ್ದು” ಎನ್ನುವುದು ಅಭಿಪ್ರಾಯ. “ಈ ಸರ್ಕಾರ ಇಂಥ ಯೋಜನೆಯ ಹಣವನ್ನು ಅರ್ಧಕ್ಕೆ ಇಳಿಸಿದೆ” ಎನ್ನುವುದು ಪರೀಕ್ಷಿಸಬಹುದಾದ ಮಾತು. ನಿಮ್ಮ ದೂರು ಈ ಎರಡನೆಯ ಬಗೆಯದ್ದಾಗಿರಲಿ. ನಿಮಗೆ ಇಷ್ಟವಾದ ಪಕ್ಷದ ಪರ ಹೇಳಿದ ಸುಳ್ಳಾದರೂ ಇದೇ ಅಳತೆ ಇರಲಿ.

ಆ ಮಾತು ಆಡಿದವರು ಯಾರು ಎಂಬುದನ್ನೂ ನೋಡಿಕೊಳ್ಳಿ. ನಿರೂಪಕರೇ, ವರದಿಗಾರರೇ, ಚರ್ಚೆಗೆ ಬಂದ ಪಕ್ಷದ ವಕ್ತಾರರೇ, ಅಥವಾ ಪರದೆಯ ಕೆಳಗೆ ಓಡುವ ಸ್ಕ್ರೋಲೇ? ಅತಿಥಿ ಹೇಳಿದ ಸುಳ್ಳಿಗಾಗಿ ಪ್ರಶ್ನಿಸುವಾಗ ನಿರೂಪಕರು ಅದನ್ನು ತಿದ್ದಿದರೋ, ಸುಮ್ಮನಿದ್ದರೋ, ಎತ್ತಿ ಹಿಡಿದರೋ ಎಂಬುದನ್ನು ಬರೆಯಬೇಕು. ಸ್ಕ್ರೋಲ್ ಮತ್ತು ಗ್ರಾಫಿಕ್ಸ್ ವಾಹಿನಿಯೇ ಬರೆದದ್ದು, ಅಲ್ಲಿ ಜಾರಿಕೊಳ್ಳಲು ಜಾಗ ಕಡಿಮೆ.

ಸಾಕ್ಷ್ಯ ಕೈಯಲ್ಲಿರಲಿ

ವಾಹಿನಿ, ಕಾರ್ಯಕ್ರಮದ ಹೆಸರು, ದಿನಾಂಕ, ಗಂಟೆ ನಿಮಿಷ ಇಷ್ಟನ್ನೂ ಆ ಕ್ಷಣವೇ ಬರೆದಿಡಿ. ಯೂಟ್ಯೂಬ್‌ನಲ್ಲಿ ಅದೇ ಕಾರ್ಯಕ್ರಮ ಇದ್ದರೆ ಲಿಂಕ್ ಇಟ್ಟುಕೊಳ್ಳಿ, ಜತೆಗೆ ಸ್ಕ್ರೀನ್ ರೆಕಾರ್ಡ್ ಕೂಡ ಮಾಡಿಕೊಳ್ಳಿ, ಏಕೆಂದರೆ ವಿಡಿಯೊ ಯಾವಾಗ ಬೇಕಾದರೂ ಮಾಯವಾಗಬಹುದು. ಪ್ರಸಾರವಾದದ್ದರ ದಾಖಲೆಯನ್ನು ವಾಹಿನಿಗಳು 90 ದಿನ ಇಟ್ಟುಕೊಳ್ಳಬೇಕೆಂಬ ನಿಯಮವಿದೆ. ಆದರೂ ನಿಮ್ಮ ಪ್ರತಿ ನಿಮ್ಮ ಬಳಿ ಇರುವುದೇ ಒಳ್ಳೆಯದು. ಆಡಿದ ಮಾತನ್ನು ಕನ್ನಡದಲ್ಲಿ ಯಥಾವತ್ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಅನುವಾದ ಕೊಡಿ. ಮುಂದೆ ಅದನ್ನು ಕನ್ನಡ ಬಾರದವರೂ ಓದಬೇಕಾಗುತ್ತದೆ.

ಇನ್ನು ಸತ್ಯಾಂಶ. ಆಲ್ಟ್ ನ್ಯೂಸ್, ಬೂಮ್‌ನಂಥ ಫ್ಯಾಕ್ಟ್‌ಚೆಕ್ ತಾಣಗಳ ಬರಹ ದಾರಿ ತೋರಿಸುತ್ತದೆ. ಆದರೆ ದೂರಿಗೆ ಲಗತ್ತಿಸಬೇಕಾದದ್ದು ಮೂಲ ದಾಖಲೆ: ಬಜೆಟ್ ಪುಸ್ತಕದ ಪುಟ, ಸಂಸತ್ತಿನಲ್ಲಿ ಅಥವಾ ವಿಧಾನಸಭೆಯಲ್ಲಿ ಕೊಟ್ಟ ಲಿಖಿತ ಉತ್ತರ, ಸಿಎಜಿ ವರದಿ, ನ್ಯಾಯಾಲಯದ ಆದೇಶ, ಅಭ್ಯರ್ಥಿಯ ಆಸ್ತಿಯ ಬಗ್ಗೆಯಾದರೆ ಚುನಾವಣಾ ಆಯೋಗದ ಜಾಲತಾಣದಲ್ಲಿರುವ ಪ್ರಮಾಣಪತ್ರ. ಸಂಬಂಧಪಟ್ಟ ಸಾಲಿಗೆ ಗೆರೆ ಎಳೆದು ಕಳಿಸಿ. ನೂರು ಪುಟ ಓದಿ ಹುಡುಕುವ ಕೆಲಸವನ್ನು ಅವರಿಗೆ ಬಿಡಬೇಡಿ.

ದೂರು ಮೊದಲು ವಾಹಿನಿಗೇ

ಪ್ರಸಾರವಾಗಿ 7 ದಿನದೊಳಗೆ ವಾಹಿನಿಗೆ ಇಮೇಲ್ ಮಾಡಿ. ದೂರು ಸ್ವೀಕರಿಸುವ ಅಧಿಕಾರಿಯ ವಿವರ ವಾಹಿನಿಯ ಜಾಲತಾಣದಲ್ಲಿರುತ್ತದೆ. 2021ರಲ್ಲಿ ತಿದ್ದುಪಡಿಯಾದ ಕೇಬಲ್ ಟಿವಿ ನಿಯಮಗಳ ಪ್ರಕಾರ ವಾಹಿನಿ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಅದೇ ನಿಯಮಗಳ ಕಾರ್ಯಕ್ರಮ ಸಂಹಿತೆ, 6(1)(ಡಿ), ಉದ್ದೇಶಪೂರ್ವಕ ಸುಳ್ಳು, ಕೊಂಕುಮಾತು ಮತ್ತು ಅರ್ಧಸತ್ಯಗಳ ಪ್ರಸಾರವನ್ನು ನಿಷೇಧಿಸುತ್ತದೆ. ದೂರಿನಲ್ಲಿ ಇದನ್ನು ಹೆಸರಿಸಿ.

ಪತ್ರ ಒಂದು ಪುಟ ಮೀರದಿರಲಿ. ಹೀಗಿದ್ದರೆ ಸಾಕು: “ದಿನಾಂಕ ಇಂಥದ್ದು, ರಾತ್ರಿ 9.14ಕ್ಕೆ, ಇಂಥ ಕಾರ್ಯಕ್ರಮದಲ್ಲಿ ನಿರೂಪಕರು ಹೀಗೆ ಹೇಳಿದರು. ದಾಖಲೆಯಲ್ಲಿರುವುದು ಹೀಗೆ (ಪ್ರತಿ ಲಗತ್ತಿಸಿದೆ). ಅದೇ ಕಾರ್ಯಕ್ರಮದಲ್ಲಿ, ಅದೇ ಸಮಯದಲ್ಲಿ ತಿದ್ದುಪಡಿಯನ್ನು ಓದಿ ಹೇಳಬೇಕು, ಪರದೆಯ ಮೇಲೆ ತೋರಿಸಬೇಕು, ಯೂಟ್ಯೂಬ್‌ನಲ್ಲಿರುವ ತುಣುಕನ್ನು ಸರಿಪಡಿಸಬೇಕು ಅಥವಾ ತೆಗೆಯಬೇಕು.”

ಏನು ಬೇಕು ಎಂದು ಕೇಳುವ ಈ ಕೊನೆಯ ವಾಕ್ಯವೇ ನನ್ನ ಪ್ರಕಾರ ದೂರಿನ ಜೀವ. ರಾತ್ರಿ ಒಂಬತ್ತಕ್ಕೆ ಕೂಗಿ ಹೇಳಿದ ಸುಳ್ಳನ್ನು ಮಧ್ಯಾಹ್ನ ಮೂರಕ್ಕೆ ಸಣ್ಣ ಅಕ್ಷರದಲ್ಲಿ ತಿದ್ದಿದರೆ, ಸುಳ್ಳು ಕೇಳಿದವರಿಗೆ ಸತ್ಯ ತಲುಪುವುದೇ ಇಲ್ಲ. ದಂಡದ ಮೊತ್ತಕ್ಕಿಂತ ಇದು ದೊಡ್ಡದು. 1 ಲಕ್ಷ ರೂಪಾಯಿ ದಂಡ ವಾಹಿನಿಗಳಿಗೆ ಬಿಸಿ ಮುಟ್ಟಿಸುವುದಿಲ್ಲವೆಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಅಸಮಾಧಾನ ತೋರಿತ್ತು.

ಉತ್ತರ ಬಾರದಿದ್ದರೆ

ಉತ್ತರ ತೃಪ್ತಿ ತರದಿದ್ದರೆ ಎರಡು ವಾರದೊಳಗೆ ಮುಂದಿನ ಮೆಟ್ಟಿಲು ಹತ್ತಬೇಕು. ಮೊದಲು ಆ ವಾಹಿನಿ ಯಾವ ಒಕ್ಕೂಟದ ಸದಸ್ಯ ಎಂದು ನೋಡಿ. ಎನ್‌ಬಿಡಿಎ (ನ್ಯೂಸ್ ಬ್ರಾಡ್‌ಕಾಸ್ಟರ್ಸ್ ಆ್ಯಂಡ್ ಡಿಜಿಟಲ್ ಅಸೋಸಿಯೇಷನ್) ಸದಸ್ಯನಾಗಿದ್ದರೆ ದೂರು ಎನ್‌ಬಿಡಿಎಸ್‌ಎಗೆ ಹೋಗುತ್ತದೆ. ಮೇಲೆ ಹೇಳಿದ ಪ್ರಾಧಿಕಾರದ ಈಗಿನ ಹೆಸರು ಇದೇ, ನಿವೃತ್ತ ನ್ಯಾಯಮೂರ್ತಿಯೊಬ್ಬರು ಇದರ ಮುಖ್ಯಸ್ಥರು. ಇನ್ನೊಂದು ಒಕ್ಕೂಟವಾದ ಎನ್‌ಬಿಎಫ್ (ನ್ಯೂಸ್ ಬ್ರಾಡ್‌ಕಾಸ್ಟರ್ಸ್ ಫೆಡರೇಷನ್) ಸದಸ್ಯ ವಾಹಿನಿಯಾದರೆ ಅದಕ್ಕೆ ಪಿಎನ್‌ಬಿಎಸ್‌ಎ ಎಂಬ ಬೇರೆಯೇ ಸಂಸ್ಥೆಯಿದೆ. ಅದೇ ವಿಷಯ ನ್ಯಾಯಾಲಯದಲ್ಲಿ ಇಲ್ಲ ಎಂಬ ಘೋಷಣೆಯನ್ನೂ ಸೇರಿಸಿ, ಇಲ್ಲದಿದ್ದರೆ ದೂರು ಅಲ್ಲೇ ನಿಲ್ಲುತ್ತದೆ.

ಚುನಾವಣೆ ಸಮಯದಲ್ಲಿ ಕಾಸಿಗಾಗಿ ಸುದ್ದಿ ಎಂಬ ಅನುಮಾನ ಬಂದರೆ ಜಿಲ್ಲಾ ಚುನಾವಣಾಧಿಕಾರಿಯ ಕಚೇರಿಯಲ್ಲಿರುವ ಮಾಧ್ಯಮ ನಿಗಾ ಸಮಿತಿ, ಅಂದರೆ ಎಂಸಿಎಂಸಿಗೆ ಬರೆಯಿರಿ.

ಮೂರನೆಯ ಮೆಟ್ಟಿಲು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ. ನೇರವಾಗಿ ಅಲ್ಲಿಗೇ ಓಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ವಾಹಿನಿಯನ್ನೇ ಮುಚ್ಚಿಸುವ ಅಧಿಕಾರ ಇರುವಲ್ಲಿ ಅದರ ದುರ್ಬಳಕೆಯ ಭಯವೂ ಇದೆ. 2022ರ ಜನವರಿಯಲ್ಲಿ ಮಲಯಾಳದ ಮೀಡಿಯಾವನ್ ವಾಹಿನಿಗೆ ಸಚಿವಾಲಯ ಪರವಾನಗಿ ನಿರಾಕರಿಸಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಬೇಕಾಯಿತು. ಆನ್‌ಲೈನ್‌ನಲ್ಲಿ ಬರುವ ಸರ್ಕಾರದ ಬಗೆಗಿನ ಸುದ್ದಿ ಸುಳ್ಳೋ ನಿಜವೋ ಎಂದು ಸರ್ಕಾರದ ಘಟಕವೇ ತೀರ್ಮಾನಿಸುವ ನಿಯಮವನ್ನು 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅಸಾಂವಿಧಾನಿಕ ಎಂದಿತು. ಆದ್ದರಿಂದ ಕೊನೆಗೆ ಸಚಿವಾಲಯಕ್ಕೆ ಬರೆಯಲೇಬೇಕಾದರೂ ವಾಹಿನಿ ಮುಚ್ಚಿ ಎಂದು ಕೇಳಬೇಡಿ, ತಪ್ಪು ತಿದ್ದಿಸಿ ಎಂದಷ್ಟೇ ಕೇಳಿ.

ಆದೇಶ ನಿಮ್ಮ ಪರ ಬಂದರೆ ಹೇಳಿದ ದಿನ, ಹೇಳಿದ ಹೊತ್ತಿಗೆ ಟಿವಿ ಮುಂದೆ ಕುಳಿತು ತಿದ್ದುಪಡಿ ನಿಜವಾಗಿ ಬಂತೇ ನೋಡಿ, ಅದನ್ನೂ ರೆಕಾರ್ಡ್ ಮಾಡಿಕೊಳ್ಳಿ. ಬಾರದಿದ್ದರೆ ಮರುದಿನವೇ ಪ್ರಾಧಿಕಾರಕ್ಕೆ ಇನ್ನೊಂದು ಇಮೇಲ್ ಹೋಗಲಿ, ಆದೇಶದ ಪ್ರತಿಯ ಜತೆಗೆ.