ಬಂದ್ ಮಾಡಿ ಚಾಲೂ ಮಾಡಿದರೆ ವೈಫೈ ಮಾಯ (ವಿಂಡೋಸ್ 10)

ಕಲಬುರಗಿಯ ನಮ್ಮ ಝೆರಾಕ್ಸ್ ಅಂಗಡಿಯ ಕಂಪ್ಯೂಟರು ರಾತ್ರಿ ಬಂದ್ ಮಾಡಿ ಮುಂಜಾನೆ ಚಾಲೂ ಮಾಡಿದರೆ ವೈಫೈ ತೋರಿಸುತ್ತಿರಲಿಲ್ಲ. ರೀಸ್ಟಾರ್ಟ್ ಮಾಡಿದರೆ ಬರುತ್ತಿತ್ತು. ಹೆಲ್ಪ್‌ಲೈನಿನಲ್ಲಿ ಪ್ರತಿ ಸಲ ಹೊಸಬರು, ಕಾಗದ ಓದಿದಂತೆ ಅದೇ ಮಾತು. ರೂಟರ್ ಆಫ್ ಮಾಡಿದೆ, ಡ್ರೈವರ್ (ವೈಫೈ ಭಾಗವನ್ನು ನಡೆಸುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿದೆ, ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಿದೆ. ಉಪಯೋಗವಾಗಲಿಲ್ಲ.

ರೀಸ್ಟಾರ್ಟ್‌ಗೆ ಸರಿಹೋಗುತ್ತದೆ ಎಂದದ್ದನ್ನು ಅವರು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಗುಟ್ಟು ಇದ್ದದ್ದು ಅಲ್ಲೇ. ಬೇಗ ಚಾಲೂ ಆಗಲೆಂದು ವಿಂಡೋಸಿನಲ್ಲಿ ಇರುವ 'ಫಾಸ್ಟ್ ಸ್ಟಾರ್ಟಪ್' ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಆಗುವುದಿಲ್ಲ. ಡ್ರೈವರ್‌ಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮರುದಿನ ಹಾಗೇ ವಾಪಸ್ ಬರುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ.

ಕಂಟ್ರೋಲ್ ಪ್ಯಾನೆಲ್ → ಪವರ್ ಆಪ್ಷನ್ಸ್ → ಎಡಗಡೆ 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ' → ಮೇಲೆ 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನವೇಲಬಲ್'. ಇದನ್ನು ಒತ್ತದಿದ್ದರೆ ಕೆಳಗಿನದು ಮಸುಕಾಗಿಯೇ ಇರುತ್ತದೆ. ಆಮೇಲೆ 'ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್' ಟಿಕ್ ತೆಗೆದು ಸೇವ್ ಮಾಡಿ, ಒಮ್ಮೆ ಶಟ್‌ಡೌನ್ ಮಾಡಿ. ಚಾಲೂ ಆಗಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ.