ತಟ್ಟೆ ನೋಡು, ಉಚ್ಚೆ ನೋಡು: ಪ್ರಾಣಿಗಳ ಶೆಲ್ಟರ್‌ನಲ್ಲಿ ನನ್ನ ಅನುಭವ

ಬೆಂಗಳೂರಿನ ಹೊರವಲಯದ ಒಂದು ಶೆಲ್ಟರ್‌ನಲ್ಲಿ ನಾನು ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಹೆಚ್ಚಿನವು ಬೀದಿ ನಾಯಿಗಳು, ಒಂದು ಕೋಣೆ ತುಂಬ ಬೆಕ್ಕುಗಳು, ಆಗಾಗ ಗಾಯಗೊಂಡ ಹಸು, ಕರು. ಕೆಲಸದ ಬಗ್ಗೆ ಕೇಳಿದವರು "ದಿನಾ ನಾಯಿಮರಿ ಜೊತೆ ಆಟ ಆಡ್ಕೊಂಡು ಇರ್ತೀರಲ್ವಾ, ಪುಣ್ಯ ಮಾಡಿದ್ರಿ" ಅನ್ನುತ್ತಾರೆ. ಪುಣ್ಯ ಅನ್ನುವುದು ನಿಜ. ಆದರೆ ಆಟಕ್ಕೆ ಹೊತ್ತು ಸಿಗುವುದು ಕಡಿಮೆ. ದಿನದ ಮುಕ್ಕಾಲು ಭಾಗ ತೊಳೆಯುವುದರಲ್ಲಿ ಮತ್ತು ನೋಡುವುದರಲ್ಲಿ ಕಳೆಯುತ್ತದೆ.

ನೋಡುವುದು ಅಂದರೆ ಸುಮ್ನೆ ಕಣ್ಣು ಹಾಯಿಸುವುದಲ್ಲ. ಡಾಕ್ಟರ್ ಒಂದೊಂದು ನಾಯಿಯ ಹತ್ತಿರ ಇರುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಅದರ ಜೊತೆ ಇರುವವರು ನಾವು. ರಾತ್ರಿ ಊಟ ಬಿಟ್ಟಿತ್ತಾ, ವಾಂತಿ ಮಾಡಿತ್ತಾ, ಯಾವ ಕಾಲು ಊರುತ್ತಿಲ್ಲ ಅಂತ ನಾವು ಹೇಳದಿದ್ದರೆ ಅವರಿಗೆ ತಿಳಿಯುವ ದಾರಿಯೇ ಇಲ್ಲ. ಅದಕ್ಕೇ ನಮ್ಮಲ್ಲಿ ಬೆಳಿಗ್ಗೆ ಬಂದ ಕೂಡಲೇ ಪೊರಕೆ ಹಿಡಿಯುವಂತಿಲ್ಲ. ಮೊದಲು ಎಲ್ಲ ಕೆನಲ್‌ಗಳನ್ನೂ, ಅಂದರೆ ನಾಯಿಗಳ ಗೂಡುಗಳನ್ನೂ, ಒಂದು ಸುತ್ತು ಹಾಕಬೇಕು. ತೊಳೆದುಬಿಟ್ಟರೆ ರಾತ್ರಿ ನಡೆದದ್ದೆಲ್ಲ ನೀರಿನ ಜೊತೆ ಮೋರಿಗೆ ಹೋಯಿತು. ಮಲ ಗಟ್ಟಿಯಾಗಿದೆಯಾ, ನೀರಾಗಿದೆಯಾ, ರಕ್ತ ಇದೆಯಾ, ಹುಳ ಇದೆಯಾ? ಉಚ್ಚೆ ಕಡು ಹಳದಿಯಾ, ಕೆಂಪಾ? ತಟ್ಟೆಯಲ್ಲಿ ಅನ್ನ ಮಾತ್ರ ಉಳಿದು ಕೋಳಿ ಖಾಲಿಯಾಗಿದ್ದರೆ ಚಿಂತೆಯಿಲ್ಲ. ಕೋಳಿಯೂ ಹಾಗೇ ಉಳಿದಿದ್ದರೆ ಆ ನಾಯಿಯ ಕಾರ್ಡ್ ಮೇಲೆ ಬರೆದು, ಜ್ವರ ನೋಡುತ್ತೇವೆ. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ನಮ್ಮ ಮೈಗೆ ಹೋಲಿಸಿ "ಮುಟ್ಟಿದರೆ ಬಿಸಿ ಇದೆ, ಜ್ವರ" ಅನ್ನುವ ಹಾಗಿಲ್ಲ.

ಇನ್ನೊಂದು ಅಭ್ಯಾಸ ಅಂದರೆ ತುಟಿ ಎತ್ತಿ ವಸಡು ನೋಡುವುದು. ಬೆರಳಿನಿಂದ ಒತ್ತಿದರೆ ಬೆಳ್ಳಗಾಗುತ್ತದೆ, ಬಿಟ್ಟ ಮೇಲೆ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಬರುವುದು ತಡವಾದರೆ, ಅಥವಾ ಮೊದಲೇ ವಸಡು ಬಿಳಿಚಿಕೊಂಡಿದ್ದರೆ, ಡಾಕ್ಟರ್‌ಗೆ ಆಗಲೇ ಫೋನ್. ಮೈ ತುಂಬ ಉಣ್ಣೆ (ರಕ್ತ ಹೀರುವ ಉಣುಗು) ಇರುವ ನಾಯಿಗಳಲ್ಲಿ ಇದನ್ನು ಜಾಸ್ತಿ ನೋಡುತ್ತೇವೆ. ಉಣ್ಣೆ ಜ್ವರ ಒಳಗೊಳಗೇ ರಕ್ತ ಕಡಿಮೆ ಮಾಡಿರುತ್ತದೆ, ಹೊರಗೆ ನಾಯಿ ಸ್ವಲ್ಪ ಮಂಕಾಗಿ ಕಾಣುತ್ತದೆ ಅಷ್ಟೇ.

ಸುತ್ತು ಮುಗಿದ ಮೇಲೆ ತೊಳೆಯುವ ಕೆಲಸ. ಅದಕ್ಕೂ ಒಂದು ವರಸೆ ಇದೆ. ಮೊದಲು ಆರೋಗ್ಯವಾಗಿರುವ ಮರಿಗಳು, ಆಮೇಲೆ ದೊಡ್ಡ ನಾಯಿಗಳು, ಆಮೇಲೆ ಗಾಯ, ಕಜ್ಜಿ ಇರುವವು, ಕಟ್ಟಕಡೆಗೆ ಪಾರ್ವೋ ಮತ್ತು ಡಿಸ್ಟೆಂಪರ್ ವಾರ್ಡ್. ಎರಡೂ ನಾಯಿಯಿಂದ ನಾಯಿಗೆ ಬೇಗ ಹರಡುವ, ಮರಿಗಳ ಪ್ರಾಣ ತೆಗೆಯುವ ವೈರಸ್ ರೋಗಗಳು. ಹಿಂದುಮುಂದು ಮಾಡಿದರೆ ರೋಗವನ್ನು ನಾವೇ ಕಾಲಿನಲ್ಲಿ ಹೊತ್ತುಕೊಂಡು ಮರಿಗಳ ಮನೆಗೆ ಹೋದ ಹಾಗೆ. ಪಾರ್ವೋ ವಾರ್ಡ್‌ಗೆ ಬೇರೆ ಬೂಟು, ಬೇರೆ ಪೊರಕೆ, ಬೇರೆ ಬಕೆಟ್.

ಪಾರ್ವೋ ವೈರಸ್ ಎಷ್ಟು ಗಟ್ಟಿ ಅನ್ನುವುದು ಈ ಕೆಲಸಕ್ಕೆ ಬಂದ ಮೇಲೇ ನನಗೆ ಗೊತ್ತಾಗಿದ್ದು. ನೆರಳಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್ ವಾಸನೆ ಬಂದರೆ ಸ್ವಚ್ಛವಾಯಿತು ಅಂತ ನಮ್ಮ ಮನೆಗಳಲ್ಲಿ ನಂಬಿಕೆ. ಈ ವೈರಸ್‌ಗೆ ಅದನ್ನು ನಂಬಿ ಕೂರಲಾಗದು. ಮೊದಲು ಸೋಪು ನೀರಿನಿಂದ ಕೊಳೆ ಪೂರ್ತಿ ಹೋಗುವ ಹಾಗೆ ಉಜ್ಜಬೇಕು. ಕೊಳೆ ಉಳಿದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ ಸುಮಾರು 30 ಪಾಲು ನೀರು ಬೆರೆಸಿ ಸುರಿದು, 10 ನಿಮಿಷ ನೆಲ ಒದ್ದೆಯಾಗಿಯೇ ಇರಲು ಬಿಡಬೇಕು. ಅವಸರದಲ್ಲಿ ಎರಡು ನಿಮಿಷಕ್ಕೆ ಬಳಿದು ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ. ಬ್ಲೀಚ್ ಜೊತೆ ಬಾತ್‌ರೂಮ್ ಆಸಿಡ್ ಮಾತ್ರ ಯಾವತ್ತೂ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ. ಬೆಕ್ಕಿನ ಕೋಣೆಗೆ ಫಿನಾಯಿಲ್ ತರುವುದೇ ಇಲ್ಲ. ಬೆಕ್ಕು ನಡೆದು, ಪಾದ ನೆಕ್ಕಿಕೊಳ್ಳುತ್ತದೆ. ಅದರ ಲಿವರ್‌ಗೆ ಅದು ವಿಷ.

ಪಾರ್ವೋ ಬಂದ ಮರಿಗೆ ವೈರಸ್ ಕೊಲ್ಲುವ ಮಾತ್ರೆ ಕೊಟ್ಟು ಎಬ್ಬಿಸುತ್ತೇವೆ ಅಂತೇನೂ ಇಲ್ಲ. ಡ್ರಿಪ್, ವಾಂತಿ ನಿಲ್ಲುವ ಇಂಜೆಕ್ಷನ್, ಬೇರೆ ಸೋಂಕು ತಗಲದಂತೆ ಆಂಟಿಬಯೋಟಿಕ್, ಬೆಚ್ಚಗಿನ ಜಾಗ. ಅದರ ಮೈ ತಾನೇ ಗೆಲ್ಲುವವರೆಗೆ ನಾವು ಹಿಡಿದು ನಿಲ್ಲಿಸಬೇಕು. ಮೊದಲ ಸಲ ತಾನಾಗಿ ಎದ್ದು ಬಂದು ತಟ್ಟೆ ಮೂಸಿದ ಮರಿಯನ್ನು ನೋಡಿದಾಗ ಆಗುವ ಖುಷಿಯನ್ನು ಬರೆದು ಹೇಳುವುದು ಕಷ್ಟ. ಎಷ್ಟೋ ಮರಿಗಳು ಅಲ್ಲಿಯವರೆಗೆ ಬರುವುದಿಲ್ಲ. ಆರು ವಾರದಿಂದ ಶುರುಮಾಡಿ ನಾಲ್ಕು ತಿಂಗಳವರೆಗೆ ಹಂತಹಂತವಾಗಿ ಲಸಿಕೆ ಹಾಕಿಸಿದ್ದರೆ ಹೆಚ್ಚಿನವು ಈ ವಾರ್ಡ್‌ನ ಮುಖ ನೋಡಬೇಕಾಗಿರಲಿಲ್ಲ. ಇದನ್ನು ಯೋಚಿಸಿದಾಗ ಹೊಟ್ಟೆ ಉರಿಯುತ್ತದೆ.

ಹೊಸದಾಗಿ ಬಂದ ನಾಯಿಯ ಹತ್ತಿರ ಹೋಗುವುದು ಬೇರೆಯೇ ಪಾಠ. ಆ್ಯಂಬುಲೆನ್ಸ್‌ನಿಂದ ಇಳಿದ ನಾಯಿಗೆ ನಾವು ಕಾಪಾಡುವವರು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನೋವು, ಬಲೆ, ಅಪರಿಚಿತ ವಾಸನೆ. ನಾನು ನೇರ ಎದುರಿಗೆ ಹೋಗುವುದಿಲ್ಲ, ಕಣ್ಣಿಗೆ ಕಣ್ಣಿಟ್ಟು ನೋಡುವುದಿಲ್ಲ. ಪಕ್ಕಕ್ಕೆ ತಿರುಗಿ ಕುಕ್ಕರಗಾಲಿನಲ್ಲಿ ಕೂತು, ಒಂದು ತುಂಡು ಕೋಳಿ ಎಸೆದು ಸುಮ್ಮನಿರುತ್ತೇನೆ. ಬಾಲ ಅಲ್ಲಾಡಿಸಿತು ಅಂದ ಮಾತ್ರಕ್ಕೆ ಸ್ನೇಹ ಅಂದುಕೊಳ್ಳಬಾರದು. ಬಾಲ ನೆಟ್ಟಗೆ, ಮೈ ಸೆಟೆದುಕೊಂಡು, ಕಣ್ಣಿನ ಬಿಳಿಭಾಗ ಕಾಣುತ್ತಿದ್ದರೆ ಅದು ಎಚ್ಚರಿಕೆ. ಗುರ್ ಅನ್ನುವ ನಾಯಿಯನ್ನು ಗದರಿಸುವುದಂತೂ ತಪ್ಪು. ಅದು ಕಚ್ಚುವ ಮುಂಚೆ ಹೇಳಿ ಮರ್ಯಾದೆ ತೋರಿಸುತ್ತಿದೆ.

ರೇಬಿಸ್ ವಿಷಯದಲ್ಲಿ ನಮ್ಮಲ್ಲಿ ಯಾರೂ ಧೈರ್ಯ ಪ್ರದರ್ಶನ ಮಾಡುವುದಿಲ್ಲ. ಕೆಳದವಡೆ ಜೋತುಬಿದ್ದ, ಜೊಲ್ಲು ಸುರಿಸುವ, ಬೊಗಳುವ ದನಿ ಬದಲಾದ ನಾಯಿ ಬಂದರೆ ಬೇರೆ ಪಂಜರಕ್ಕೆ ಹಾಕಿ ಬೀಗ. ಮೂಲೆಯಲ್ಲಿ ಮಂಕಾಗಿ ಕೂತಿರುವ ರೇಬಿಸ್ ನಾಯಿಯೂ ಇರುತ್ತದೆ, ರೇಬಿಸ್ ಅಂದರೆ ಅಟ್ಟಿಸಿಕೊಂಡು ಬಂದು ಕಚ್ಚುವುದು ಅಂತಲೇ ಜನ ತಿಳಿದಿರುತ್ತಾರೆ. ದವಡೆ ಜೋತುಬಿದ್ದದ್ದನ್ನು ನೋಡಿ, ಬಾಯಲ್ಲಿ ಮೂಳೆ ಸಿಕ್ಕಿಕೊಂಡಿರಬೇಕು ಅಂತ ಕೈ ಹಾಕುವುದು ದೊಡ್ಡ ಅಪಾಯ. ನಾವೆಲ್ಲ ಕೆಲಸಕ್ಕೆ ಸೇರುವಾಗಲೇ ಮುಂಜಾಗ್ರತೆ ಲಸಿಕೆ ಹಾಕಿಸಿಕೊಂಡವರು. ಆದರೂ ಹಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗುತ್ತೇವೆ. ಸುಣ್ಣ, ಖಾರದಪುಡಿ ಹಚ್ಚುವುದು ಬೇಡವೇ ಬೇಡ.

ನನ್ನ ಕೆಲಸದಲ್ಲಿ ನನಗೆ ತುಂಬಾ ಹತ್ತಿರವಾದದ್ದು ಸೊಂಟ ಬಿದ್ದುಹೋದ ನಾಯಿಗಳ ವಾರ್ಡ್. ಹೆಚ್ಚಿನವು ರಸ್ತೆ ಅಪಘಾತದವು. ಬೆನ್ನುಮೂಳೆ ಮುರಿದು ಹಿಂಗಾಲು ಎರಡೂ ಹೋಗಿರುತ್ತವೆ. ಹೊರಗಿನವರಿಗೆ ಕಾಲು ಕಾಣುತ್ತದೆ. ನಮಗೆ ದೊಡ್ಡ ತಲೆನೋವು ಉಚ್ಚೆಯದು. ಎಷ್ಟೋ ನಾಯಿಗಳಿಗೆ ತಾವಾಗಿ ಉಚ್ಚೆ ಹೊಯ್ಯಲು ಆಗುವುದಿಲ್ಲ. ಉಚ್ಚೆಯ ಚೀಲ ತುಂಬಿಕೊಂಡೇ ಇರುತ್ತದೆ, ಸೋಂಕಾಗುತ್ತದೆ, ಕಿಡ್ನಿಗೆ ಹೋಗುತ್ತದೆ. ಹಾಗಾಗಿ ದಿನಕ್ಕೆ ಮೂರು ನಾಲ್ಕು ಸಲ ನಾವೇ ಒತ್ತಿ ತೆಗೆಯಬೇಕು.

ಕರಿಯ ಅಂತ ಒಂದು ನಾಯಿ ಇದೆ ನಮ್ಮಲ್ಲಿ. ಅವನನ್ನು ನನ್ನ ಮೊಣಕಾಲಿಗೆ ಒರಗಿಸಿ ನಿಲ್ಲಿಸಿಕೊಳ್ಳುತ್ತೇನೆ. ಪಕ್ಕೆಲುಬು ಮುಗಿದ ಮೇಲೆ, ತೊಡೆಗೆ ಹತ್ತಿರ, ಹೊಟ್ಟೆಯ ಎರಡೂ ಪಕ್ಕಕ್ಕೆ ಅಂಗೈ ಇಡುತ್ತೇನೆ. ಬೆರಳ ತುದಿಯಿಂದ ಚುಚ್ಚಬಾರದು, ಅಂಗೈ ಚಪ್ಪಟೆಯಾಗಿರಬೇಕು. ಮೆಲ್ಲಗೆ ಒತ್ತುತ್ತಾ ಹೋದರೆ ಒಳಗೆ ನೀರು ತುಂಬಿದ ಬಲೂನಿನ ಹಾಗೆ ಒಂದು ಉಂಡೆ ಸಿಗುತ್ತದೆ. ಸಿಕ್ಕಿದ ಮೇಲೆ ಬಾಲದ ಕಡೆಗೆ ಒಂದೇ ಸಮನೆ ಒತ್ತಡ. ಮೊದಲು ಹನಿ, ಆಮೇಲೆ ಧಾರೆ. ಹೊಟ್ಟೆ ಬಿಗಿ ಹಿಡಿದರೆ ಕೈ ಸಡಿಲಿಸಿ, ಅವನು ಉಸಿರು ಬಿಡುವವರೆಗೆ ಕಾದು, ಮತ್ತೆ ಶುರುಮಾಡುತ್ತೇನೆ. ಜೋರು ಮಾಡಿದರೆ ಚೀಲ ಒಡೆಯಬಹುದು. ಬಾರದಿದ್ದರೆ ಬಲವಂತ ಮಾಡದೆ ಡಾಕ್ಟರ್‌ಗೆ ಹೇಳಬೇಕು, ಅವರು ಟ್ಯೂಬ್ ಹಾಕುತ್ತಾರೆ. ಧಾರೆ ನಿಂತು ಚೀಲ ಕೈಗೆ ಸಣ್ಣಗೆ ಸಿಕ್ಕ ಮೇಲೆ ಬಟ್ಟೆಯಿಂದ ಒರೆಸಿ, ತೊಡೆ ಒಣಗಿಸಿ, ಬಣ್ಣ, ವಾಸನೆ ನೋಡಿ ಕಾರ್ಡ್‌ನಲ್ಲಿ ಬರೆಯುತ್ತೇನೆ. ಮಂಕು ಬಣ್ಣ, ಕೆಟ್ಟ ವಾಸನೆ ಬಂದರೆ ಸೋಂಕು ಶುರುವಾಗಿದೆ ಅಂತಲೇ ಲೆಕ್ಕ.

ಇದನ್ನು ನನಗೆ ಕಲಿಸಿದವರು ನಮ್ಮಲ್ಲಿನ ಹಿರಿಯರೊಬ್ಬರು, ನಾವು ಅಣ್ಣ ಅಂತಲೇ ಕರೆಯುವುದು. "ಕೈಗೆ ಅವಸರ ಇರಬಾರದು ಕಣಮ್ಮ. ನಿನ್ನ ಅವಸರ ಅದಕ್ಕೆ ಗೊತ್ತಾಗುತ್ತೆ, ಹೊಟ್ಟೆ ಗಟ್ಟಿ ಮಾಡ್ಕೊಳ್ಳುತ್ತೆ" ಅಂತಿದ್ದರು. ನಾನೂ ಈಗ ಹೊಸಬರಿಗೆ ಅದನ್ನೇ ಹೇಳುತ್ತೇನೆ. ಉಳಿದದ್ದು ಮಗ್ಗುಲು ಬದಲಿಸುವುದು. ಒಂದೇ ಕಡೆ ಮಲಗಿದರೆ ಸೊಂಟದ ಮೂಳೆಯ ಮೇಲೆ ಹುಣ್ಣಾಗುತ್ತದೆ. ದಪ್ಪ ಹಾಸಿಗೆ, ಒಣಗಿದ ಬಟ್ಟೆ, ಕೆಲವು ಗಂಟೆಗೊಮ್ಮೆ ಮಗ್ಗುಲು. ಸಂಜೆ ಗಾಲಿಗಾಡಿ ಕಟ್ಟಿಬಿಟ್ಟರೆ ಕರಿಯ ಅಂಗಳದಲ್ಲಿ ಉಳಿದವರನ್ನೆಲ್ಲ ಹಿಂದೆ ಹಾಕುತ್ತಾನೆ.

ಮಳೆಗಾಲದಲ್ಲಿ ಹುಳ ಬಿದ್ದ ಗಾಯಗಳು ಜಾಸ್ತಿ. ಜನ ಒಳ್ಳೆಯ ಮನಸ್ಸಿನಿಂದಲೇ ಸೀಮೆಎಣ್ಣೆ, ಪೆಟ್ರೋಲ್, ಫಿನಾಯಿಲ್ ಸುರಿದಿರುತ್ತಾರೆ. ದಯವಿಟ್ಟು ಬೇಡ, ಹುಳದ ಜೊತೆ ಚರ್ಮವೂ ಸುಡುತ್ತದೆ. ಕೂದಲು ಕತ್ತರಿಸಿ, ಸಲೈನ್‌ನಲ್ಲಿ ತೊಳೆದು, ಚಿಮಟದಿಂದ ಒಂದೊಂದೇ ತೆಗೆಯಬೇಕು. ಮಾರನೇ ದಿನ ನೋಡಿದರೆ ಒಳಗೆ ಇನ್ನಷ್ಟು ಇರುತ್ತವೆ.

ಬೆಕ್ಕಿನ ಬಗ್ಗೆ ಒಂದೇ ಮಾತು ಹೇಳುತ್ತೇನೆ. ಎರಡು ಮೂರು ದಿನ ಊಟ ಬಿಟ್ಟ ಬೆಕ್ಕನ್ನು "ಹಸಿವಾದರೆ ತಿನ್ನುತ್ತೆ" ಅಂತ ಬಿಡಬೇಡಿ, ಲಿವರ್‌ನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು ಬರಬಹುದು. ಹೊಸ ಜಾಗದ ಹೆದರಿಕೆಗೆ ಅವು ಊಟ ಬಿಡುವುದು ಹೆಚ್ಚು. ಪಂಜರದೊಳಗೆ ಅಡಗಲು ಒಂದು ರಟ್ಟಿನ ಡಬ್ಬ ಇಟ್ಟರೆ ಎಷ್ಟೋ ಬೆಕ್ಕುಗಳು ರಾತ್ರಿಯೊಳಗೆ ತಟ್ಟೆಗೆ ಬಾಯಿ ಹಾಕುತ್ತವೆ.

"ಬೀದಿ ನಾಯಿಗಳನ್ನೆಲ್ಲ ನೀವೇ ಇಟ್ಕೊಂಡ್ಬಿಡಿ" ಅಂತ ಫೋನ್ ಬರುತ್ತಲೇ ಇರುತ್ತದೆ. ಸಂತಾನಹರಣಕ್ಕೆ ಹಿಡಿದು ತಂದ ನಾಯಿಯನ್ನು ಆಪರೇಷನ್, ರೇಬಿಸ್ ಲಸಿಕೆ ಆದಮೇಲೆ ಹಿಡಿದ ಜಾಗದಲ್ಲೇ ಬಿಡಬೇಕು ಅಂತ 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳು ಹೇಳುತ್ತವೆ. ನನಗೂ ಅದೇ ಸರಿ ಅನ್ನಿಸುತ್ತದೆ. ಬೀದಿಯಲ್ಲಿ ಬೆಳೆದ ನಾಯಿಗೆ ಅದರ ಬೀದಿಯೇ ಮನೆ. ಕೆನಲ್ ಎಷ್ಟೇ ಚೊಕ್ಕವಾಗಿದ್ದರೂ ಅಲ್ಲಿ ಗದ್ದಲ, ಒತ್ತಡ, ರೋಗ ಮೂರೂ ಇರುತ್ತವೆ. ಶೆಲ್ಟರ್‌ನ ಜಾಗ ಕರಿಯನಂಥವರಿಗೆ, ವಾಪಸ್ ಹೋಗಲಾರದವರಿಗೆ ಬೇಕು.

ಈ ಕೆಲಸಕ್ಕೆ ಬರಬೇಕು ಅನ್ನಿಸಿದವರು ಮೊದಲು ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. 0, 7 ಮತ್ತು 21 ಅಥವಾ 28ನೇ ದಿನ, ಮೂರು ಡೋಸ್. ಟೆಟನಸ್ ಇಂಜೆಕ್ಷನ್ ಕೂಡ. ಉಗುರು ಚಿಕ್ಕದಾಗಿರಲಿ, ಸೆಂಟ್ ಹಾಕಿಕೊಳ್ಳಬೇಡಿ, ಓಲೆ, ಸರ ಮನೆಯಲ್ಲೇ ಇರಲಿ. ಮನೆಯಲ್ಲಿ ಲಸಿಕೆ ಆಗದ ಮರಿ ಇದ್ದರೆ ಅದಕ್ಕೆ ಲಸಿಕೆ ಮುಗಿಯುವವರೆಗೆ ಶೆಲ್ಟರ್ ಕಡೆ ಬರಬೇಡಿ. ಬಂದ ಮೊದಲ ವಾರ ಯಾವ ನಾಯಿಯನ್ನೂ ಎತ್ತಿಕೊಳ್ಳಲು ಕೇಳಬೇಡಿ. ಬೆಳಗಿನ ಸುತ್ತಿಗೆ ಒಂದು ಪುಸ್ತಕ, ಪೆನ್ನು ಹಿಡಿದು ಯಾರಾದರೂ ಹಳಬರ ಹಿಂದೆ ನಡೆಯಿರಿ. ತಟ್ಟೆಯಲ್ಲಿ ಉಳಿದದ್ದನ್ನು ಬರೆದುಕೊಳ್ಳಿ.