ತರಬೇತಿ ಶಾಲೆಗೆ ಹೊರಡುವ ಮೊದಲು ಬೂಟು ಪಳಗಲಿ

ಪೊಲೀಸ್ ತರಬೇತಿಗೆ ಹೊರಡುವವರು ಬಕೆಟ್ಟು, ಬೀಗ, ಬೆಡ್‌ಶೀಟು ಹೊಂದಿಸಲು ಹದಿನೈದು ದಿನ ಓಡಾಡುತ್ತಾರೆ. ಬೂಟನ್ನು ಮಾತ್ರ ಹೊರಡುವ ಹಿಂದಿನ ಸಂಜೆ ಕೊಳ್ಳುತ್ತಾರೆ. ಮೈದಾನಕ್ಕಿಳಿದ ಮೂರನೇ ದಿನ ಹಿಮ್ಮಡಿ ಸುಲಿದು, ಕುಂಟುತ್ತ ವೈದ್ಯರ ಸಾಲಿನಲ್ಲಿ ನಿಲ್ಲುವವರಲ್ಲಿ ಹೆಚ್ಚಿನವರು ಇವರೇ. ಬಕೆಟ್ಟು ಮರೆತರೆ ಸಂಜೆ ತರಿಸಿಕೊಳ್ಳಬಹುದು, ಪಳಗಿದ ಪಾದವನ್ನು ಯಾರೂ ತಂದುಕೊಡಲಾರರು. ಮಂಡ್ಯ, ಮೈಸೂರು ಕಡೆಯಿಂದ ಈ ಸಲ ಬುನಾದಿ ತರಬೇತಿಗೆ ಹೋಗುವವರು ಕನಿಷ್ಠ ಮೂರು ವಾರ ಮೊದಲೇ ತಯಾರಿ ಶುರುಮಾಡಲಿ.

ಮೊದಲು ಆದೇಶಪತ್ರ

ತರಬೇತಿಗೆ ಬರಹೇಳಿದ ಆದೇಶಪತ್ರವನ್ನು ಪೂರ್ತಿ ಓದಿ, ಎರಡು ಸಲ ಓದಿ. ಎಲ್ಲಿ, ಯಾವತ್ತು, ಎಷ್ಟು ಗಂಟೆಗೆ ವರದಿ ಮಾಡಿಕೊಳ್ಳಬೇಕು, ಏನೇನು ತರಬೇಕು ಎಂಬುದಕ್ಕೆ ಅದೇ ಕೊನೆಯ ಮಾತು. ಈ ಲೇಖನದ ಯಾವುದೇ ಸಲಹೆ ಅದಕ್ಕೆ ವಿರುದ್ಧವಾಗಿದ್ದರೆ ಆದೇಶದಲ್ಲಿರುವುದನ್ನೇ ಪಾಲಿಸಿ. ಮೈಸೂರಿನಲ್ಲಿ ಜಾಗದ ಗೊಂದಲ ಸಾಮಾನ್ಯ. ಪಿ.ಎಸ್.ಐ. ಮತ್ತು ಡಿವೈಎಸ್ಪಿಗಳಿಗೆ ತರಬೇತಿ ಕೊಡುವ ಕರ್ನಾಟಕ ಪೊಲೀಸ್ ಅಕಾಡೆಮಿ ಬೇರೆ, ಜ್ಯೋತಿನಗರದ ಪೊಲೀಸ್ ತರಬೇತಿ ಶಾಲೆ ಬೇರೆ. ಆಟೊದವರಿಗೆ 'ಪೊಲೀಸ್ ಟ್ರೇನಿಂಗ್' ಎಂದಷ್ಟೇ ಹೇಳಿದರೆ ಅವರಿಗೆ ತೋಚಿದ ಗೇಟಿನ ಮುಂದೆ ಇಳಿಸುತ್ತಾರೆ. ಟ್ರಂಕು ಹೊತ್ತು ಇನ್ನೊಂದು ಗೇಟು ಹುಡುಕುವ ಪಾಡು ಬೇಡ. ಒಂದು ವಾರ ಮೊದಲೇ ಹೋಗಿ ಗೇಟು ನೋಡಿಕೊಂಡು ಬನ್ನಿ.

ದಾಖಲೆಗಳಲ್ಲಿ ಹೆಸರು ಒಂದೇ ಇರಲಿ

ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ವೈದ್ಯಕೀಯ ಪ್ರಮಾಣಪತ್ರ ಮತ್ತು ಆದೇಶಪತ್ರದ ಮೂಲ ಪ್ರತಿಗಳು ಒಂದು ಫೈಲಿನಲ್ಲಿರಲಿ. ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿದ ಜೆರಾಕ್ಸ್ ಮೂರು ಸೆಟ್ಟು ಇನ್ನೊಂದು ಫೈಲಿನಲ್ಲಿರಲಿ. ಒಂದೇ ಸಲ ತೆಗೆಸಿದ ಪಾಸ್‌ಪೋರ್ಟ್ ಅಳತೆಯ ಫೋಟೊ ಇಪ್ಪತ್ತು ಬೇಕು.

ಇಲ್ಲಿ ಎಡವುವುದು ಇನಿಷಿಯಲ್ಲಿನಲ್ಲಿ. ಅಂಕಪಟ್ಟಿಯಲ್ಲಿ 'ಮಹೇಶ ಎಂ ಸಿ', ಆಧಾರಿನಲ್ಲಿ 'ಮಹೇಶ್ ಚಿಕ್ಕೇಗೌಡ', ಬ್ಯಾಂಕಿನಲ್ಲಿ 'ಎಂ ಸಿ ಮಹೇಶ್' ಎಂದಿದ್ದರೆ ಸಂಬಳದ ಖಾತೆ, ಸರ್ಕಾರಿ ನೌಕರರ ಕೆ.ಜಿ.ಐ.ಡಿ. ವಿಮೆ, ಪಿಂಚಣಿಯ ಎನ್.ಪಿ.ಎಸ್. ಸಂಖ್ಯೆ ಮಾಡಿಸುವಾಗ ಕಡತ ಹಿಂದೆ ಬರುತ್ತದೆ. ಮೊದಲ ಸಂಬಳ ತಡವಾಗಲು ಇದೂ ಒಂದು ಕಾರಣ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಆಧಾರ್ ಮತ್ತು ಬ್ಯಾಂಕಿನ ಹೆಸರನ್ನು ಈಗಲೇ ಸರಿಪಡಿಸಿಕೊಳ್ಳಿ. ತರಬೇತಿ ಶುರುವಾದ ಮೇಲೆ ಆಧಾರ್ ಕೇಂದ್ರಕ್ಕೆ ಹೋಗಲು ರಜೆ ಕೇಳುವುದು ಸುಲಭವಲ್ಲ. ಪ್ರಮಾಣಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಲೇಬೇಡಿ, ಮೂಲ ಪ್ರತಿಯ ಪರಿಶೀಲನೆಗೆ ಅದು ಅಡ್ಡಿ.

ಬೂಟು ಆರಿಸುವುದು

ಬೂಟನ್ನು ಅಲ್ಲೇ ಕೊಡುತ್ತಾರೆ ಎಂದು ಪಟ್ಟಿಯಲ್ಲಿದ್ದರೆ ಕೊಳ್ಳಬೇಡಿ. ಮನೆಯಲ್ಲಿರುವ ಚರ್ಮದ ಶೂ ಹಾಕಿ ಕಾಲನ್ನಷ್ಟೇ ಪಳಗಿಸಿ. ನೀವೇ ತರಬೇಕು ಎಂದಿದ್ದರೆ ಬಣ್ಣ ಕಪ್ಪೋ ಕಂದೋ ಎಂದು ಆದೇಶದಲ್ಲಿ ನೋಡಿ. ಅಂಗಡಿಯವರ ಮಾತು ನಂಬಿ ಬಣ್ಣ ತಪ್ಪಿದರೆ ದುಡ್ಡು ನೀರಲ್ಲಿ ಹೋದಂತೆ.

ಕೊಳ್ಳಲು ಸಂಜೆ ಹೋಗಿ. ದಿನವಿಡೀ ನಡೆದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ, ಪರೇಡಿನಲ್ಲೂ ಹಾಗೇ ಊದುತ್ತದೆ. ಡ್ರಿಲ್ಲಿಗೆ ಹಾಕುವ ದಪ್ಪ ಸಾಕ್ಸನ್ನೇ ಹಾಕಿಕೊಂಡು, ಎರಡೂ ಕಾಲಿಗೆ ತೊಟ್ಟು, ನಿಂತು ನೋಡಿ. ಅತಿ ಉದ್ದದ ಬೆರಳಿನ ಮುಂದೆ ಸುಮಾರು ಅರ್ಧ ಇಂಚು ಜಾಗ ಇರಬೇಕು. ನಡೆದಾಗ ಹಿಮ್ಮಡಿ ಮೇಲೇಳಬಾರದು. 'ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ' ಎಂಬ ಮಾತು ಅಗಲಕ್ಕೆ ಮಾತ್ರ ನಿಜ. ಚರ್ಮ ಅಗಲದಲ್ಲಿ ಹಿಗ್ಗುತ್ತದೆ, ಉದ್ದದಲ್ಲಿ ಹಿಗ್ಗುವುದಿಲ್ಲ.

ಇನ್ನು ರೆಕ್ಸಿನ್ ಬೂಟಿನ ವಿಷಯ. 'ಪೊಲೀಸ್ ಬೂಟು' ಎಂದು ಕಡಿಮೆ ಬೆಲೆಗೆ ಸಿಗುವ ಹಲವು ಜೋಡಿಗಳು ಚರ್ಮದವಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿ: ಚರ್ಮವಾದರೆ ಸಣ್ಣ ಸಣ್ಣ ಗೆರೆ ಮೂಡುತ್ತದೆ, ರೆಕ್ಸಿನ್ ಬರೀ ತಗ್ಗಿ ಮೇಲೇಳುತ್ತದೆ. ರೆಕ್ಸಿನ್ ಪಾಲಿಶ್ ಹೀರುವುದಿಲ್ಲ, ಬೆವರು ಹೊರಗೆ ಬಿಡುವುದಿಲ್ಲ, ಮಡಿಸುವ ಜಾಗದಲ್ಲಿ ಬೇಗ ಸಿಪ್ಪೆ ಏಳುತ್ತದೆ. ಅಟ್ಟೆಯ ಸುತ್ತ ಹೊಲಿಗೆ ಇದೆಯೇ ಎಂದೂ ನೋಡಿ. ಬರೀ ಅಂಟಿಸಿದ ಅಟ್ಟೆ, ಡ್ರಿಲ್ಲಿನಲ್ಲಿ ಹಿಮ್ಮಡಿ ಬಡಿದು ಬಡಿದು ಬಾಯಿ ಬಿಡುತ್ತದೆ. ಹಿಮ್ಮಡಿಗೆ ಲಾಳ ಹೊಡೆಸುವುದನ್ನು ಅಲ್ಲಿ ಹೇಳುವವರೆಗೂ ಮಾಡಬೇಡಿ, ನಯವಾದ ನೆಲದಲ್ಲಿ ಜಾರುತ್ತದೆ.

ಹೆಣ್ಣುಮಕ್ಕಳಿಗೆ ಸಣ್ಣ ಅಳತೆಯ ಡ್ರಿಲ್ ಬೂಟು ಅಂಗಡಿಯಲ್ಲಿ ತಕ್ಷಣ ಸಿಗುವುದು ಕಷ್ಟ. ಗಂಡಸರ ಅಳತೆಯದನ್ನು ತಂದು ಒಳಗೆ ಹತ್ತಿ ತುರುಕುವುದು ಬೊಬ್ಬೆಗೆ ನೇರ ದಾರಿ. ತಿಂಗಳ ಮೊದಲೇ ಹೇಳಿ ಮಾಡಿಸಿಕೊಳ್ಳಿ.

ಪಳಗಿಸುವುದು: ಇಲ್ಲಿ ಆತುರ ಬೇಡ

ಮೊದಲ ಮೂರು ದಿನ ಮನೆಯೊಳಗೆ ಅರ್ಧರ್ಧ ಗಂಟೆ ಹಾಕಿ ಓಡಾಡಿ. ಒಂದೇ ದಿನ ನಾಲ್ಕು ಗಂಟೆ ಹಾಕಿದರೆ ಬೂಟಿಗಿಂತ ಮೊದಲು ಕಾಲಿನ ಚರ್ಮ ಸೋಲುತ್ತದೆ, ಹುಣ್ಣು ಮಾಯುವವರೆಗೆ ಒಂದು ವಾರ ವ್ಯರ್ಥ. ನಾಲ್ಕನೇ ದಿನದಿಂದ ಒಂದು ಗಂಟೆ. ಎರಡನೇ ವಾರ ಹೊರಗೆ, ಮಣ್ಣಿನ ದಾರಿಯಲ್ಲಿ, ಎರಡು ಮೂರು ಕಿಲೋಮೀಟರ್ ನಡಿಗೆ. ಮೂರನೇ ವಾರ ನಡಿಗೆಯ ಜೊತೆ ಹತ್ತು ನಿಮಿಷ ಕಾಲು ಎತ್ತಿ ಬಡಿಯುವುದು. ಡ್ರಿಲ್ಲಿನಲ್ಲಿ ಬೂಟು ಮಡಿಯುವ ರೀತಿಯೇ ಬೇರೆ, ಬರೀ ನಡೆದು ಪಳಗಿದ ಬೂಟು ಆಗ ಹೊಸ ಜಾಗದಲ್ಲಿ ಕಚ್ಚುತ್ತದೆ.

ಪ್ರತಿ ಸಲ ಬಿಚ್ಚಿದ ಕೂಡಲೇ ಪಾದ ನೋಡಿಕೊಳ್ಳಿ. ಕೆಂಪಾದ, ಬಿಸಿಯಾದ ಜಾಗ ಇದ್ದರೆ ಮಾರನೇ ದಿನ ಅಲ್ಲಿಗೆ ಮೆಡಿಕಲ್ ಅಂಗಡಿಯ ಅಂಟುಪಟ್ಟಿ ಹಾಕಿಯೇ ಬೂಟು ತೊಡಿ. ಬೊಬ್ಬೆ ಎದ್ದ ಮೇಲೆ ಹಾಕಿದರೆ ಪ್ರಯೋಜನ ಅರ್ಧ. ಎದ್ದ ಬೊಬ್ಬೆಯ ಸಿಪ್ಪೆ ಕೀಳಬೇಡಿ, ಆ ಸಿಪ್ಪೆಯೇ ಒಳಗಿನ ಹಸಿ ಚರ್ಮಕ್ಕೆ ರಕ್ಷಣೆ. ಸಾಕ್ಸ್ ನೈಲಾನಿನದು ಬೇಡ: ಬೆವರು ಹೀರುವುದಿಲ್ಲ, ಜಾರುತ್ತದೆ, ಉಜ್ಜುತ್ತದೆ. ದಪ್ಪ ಹತ್ತಿ ಅಥವಾ ಉಣ್ಣೆ ಬೆರೆತದ್ದು ಆರು ಜೊತೆ ಇರಲಿ, ಒಂದು ಸಲ ಒಗೆದೇ ಹಾಕಿ. ಉಗುರನ್ನು ಹೊರಡುವ ಮೂರು ದಿನ ಮೊದಲು ನೇರವಾಗಿ ಕತ್ತರಿಸಿ. ಹಿಂದಿನ ರಾತ್ರಿ ಮೂಲೆಯವರೆಗೆ ಆಳವಾಗಿ ಕತ್ತರಿಸಿದರೆ ಬೆರಳು ನೋಯುತ್ತದೆ.

ಬೂಟನ್ನು ಮೆದುವಾಗಿಸಲು ರಾತ್ರಿಯಿಡೀ ನೀರಲ್ಲಿ ನೆನೆಸುವವರಿದ್ದಾರೆ, ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಎರಡೂ ಬೂಟಿಗೆ ಕೇಡು. ನೆನೆದು ಒಣಗಿದ ಚರ್ಮ ಮೊದಲಿಗಿಂತ ಬಿರುಸಾಗುತ್ತದೆ. ಎಣ್ಣೆ ಕುಡಿದ ಚರ್ಮದ ಮೇಲೆ ಪಾಲಿಶ್ ಕೂರುವುದಿಲ್ಲ, ಆಮೇಲೆ ಎಷ್ಟು ಉಜ್ಜಿದರೂ ಮಂಕು. ಮಳೆಯಲ್ಲಿ ನೆನೆದರೆ ಒಳಗೆ ದಿನಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಿ.

ಹೊಳಪು

ಸ್ಪಾಂಜು ಇರುವ ದ್ರವ ಪಾಲಿಶನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಹಚ್ಚಿದ ತಕ್ಷಣ ಥಳಥಳಿಸುತ್ತದೆ, ಆದರೆ ಅದು ಚರ್ಮದ ಮೇಲೆ ಕೂರುವ ಪದರ. ಬೂಟು ಮಡಿದಾಗ ಬಿರುಕು ಬಿಡುತ್ತದೆ, ಅದರ ಮೇಲೆ ಮೇಣದ ಪಾಲಿಶ್ ಹಿಡಿಯುವುದಿಲ್ಲ. ಡಬ್ಬಿಯಲ್ಲಿ ಬರುವ ಗಟ್ಟಿ ಮೇಣದ ಪಾಲಿಶೇ ಬೇಕು. ಚೆರ್ರಿ ಬ್ಲಾಸಮ್, ಕಿವಿ ಎರಡೂ ಸರಿ. ಹಚ್ಚಲು ಒಂದು ಬ್ರಶ್ಶು, ಉಜ್ಜಲು ಇನ್ನೊಂದು. ಕಪ್ಪಿಗೆ ಬಳಸಿದ್ದನ್ನು ಕಂದು ಬೂಟಿಗೆ ಮುಟ್ಟಿಸಬೇಡಿ.

ಲೇಸು ಬಿಚ್ಚಿ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಅಟ್ಟೆ ಸೇರುವ ಸಂದಿಯ ಮಣ್ಣು ತೆಗೆಯಿರಿ. ಮಣ್ಣು ಉಳಿದರೆ ಅದೇ ಗೀರು ಹಾಕುತ್ತದೆ. ಪಾಲಿಶನ್ನು ತೆಳುವಾಗಿ ಎಲ್ಲ ಕಡೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಬ್ರಶ್ಶಿನಿಂದ ಉಜ್ಜಿ. ಹೊಸ ಬೂಟಿಗೆ ಇದನ್ನೇ ಐದಾರು ಸಲ ಮಾಡಬೇಕು. ಚರ್ಮದ ರಂಧ್ರಗಳಲ್ಲಿ ಮೇಣ ತುಂಬಿಕೊಳ್ಳದೆ ಕನ್ನಡಿ ಹೊಳಪು ಬರುವುದಿಲ್ಲ, ದಪ್ಪಗೆ ಒಂದೇ ಸಲ ಬಳಿದರೂ ಬರುವುದಿಲ್ಲ.

ಆಮೇಲೆ ಮೂತಿ, ಅಂದರೆ ಬೂಟಿನ ಮುಂತುದಿ. ಹಳೆಯ ಹತ್ತಿ ಬನಿಯನ್ನಿನ ತುಂಡನ್ನು ಎರಡು ಬೆರಳಿಗೆ ಬಿಗಿಯಾಗಿ ಸುತ್ತಿ, ಸುಕ್ಕು ಇರಬಾರದು. ಬೆರಳ ತುದಿಗೆ ಮೆತ್ತುವಷ್ಟೇ ಪಾಲಿಶ್ ತೆಗೆದುಕೊಂಡು ಮೂತಿಯ ಮೇಲೆ ಸಣ್ಣ ಸಣ್ಣ ಸುತ್ತು ಹಾಕಿ. ಮಬ್ಬು ಕವಿದಾಗ ಒಂದು ಹನಿ ತಣ್ಣೀರು ಬಿಟ್ಟು, ಒತ್ತದೆ, ಮಬ್ಬು ಕರಗುವವರೆಗೆ ಅದೇ ಸುತ್ತು. ನೀರು ಇರುವುದರಿಂದ ಬಟ್ಟೆ ಮೇಣವನ್ನು ಎಳೆದುಕೊಳ್ಳುವುದಿಲ್ಲ, ಮೇಣ ಗಟ್ಟಿಯಾಗಿ ಸಮನಾಗಿ ಕೂರುತ್ತದೆ. ನೀರು ಹೆಚ್ಚಾದರೆ ಕಲೆ, ಪಾಲಿಶ್ ಹೆಚ್ಚಾದರೆ ಅಂಟು. ಹೀಗೆ ಹತ್ತು ಹದಿನೈದು ಪದರ, ಎರಡು ಸಂಜೆಯ ಕೆಲಸ. ಈ ಕನ್ನಡಿ ಹೊಳಪು ಮೂತಿಗೆ ಮತ್ತು ಹಿಮ್ಮಡಿಯ ಹಿಂಭಾಗಕ್ಕೆ ಮಾತ್ರ. ಬೆರಳು ಮಡಿಯುವ ಜಾಗಕ್ಕೆ ಇದನ್ನು ತುಂಬಿದರೆ ಮೊದಲ ಹೆಜ್ಜೆಗೇ ಮೇಣ ಒಡೆದು ಬಿಳಿ ಗೆರೆ ಬೀಳುತ್ತದೆ. ಪಾಲಿಶಿಗೆ ಬೆಂಕಿ ತಗುಲಿಸಿ ಕರಗಿಸುವ ಅಡ್ಡದಾರಿ ಖಂಡಿತ ಬೇಡ. ಚರ್ಮ ಸುಡುತ್ತದೆ, ಕೈಯೂ ಸುಡುತ್ತದೆ.

ಓಟ

ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಓಡಿ ಗೆದ್ದ ಮೇಲೆ ಆದೇಶ ಬರುವವರೆಗೆ ತಿಂಗಳುಗಳೇ ಕಳೆಯುತ್ತವೆ, ಆ ಓಟ ಮೈಯಲ್ಲಿ ಉಳಿದಿರುವುದಿಲ್ಲ. ನಾಲ್ಕು ವಾರ ಇದ್ದರೆ ಮೊದಲ ವಾರ ಮೂರು ಕಿಲೋಮೀಟರ್ ಬಿರುಸು ನಡಿಗೆ, ಎರಡನೆಯದರಲ್ಲಿ ನಡಿಗೆ ಓಟ ಎರಡೂ, ಮೂರನೆಯದರಲ್ಲಿ ನಿಲ್ಲದೆ ಮೂರು ಕಿಲೋಮೀಟರ್ ನಿಧಾನ ಓಟ, ಕೊನೆಯ ವಾರ ಮತ್ತೆ ಕಡಿಮೆ. ಒಂದೇ ವಾರದಲ್ಲಿ ಎಲ್ಲ ತುಂಬಿಸಲು ಹೋದರೆ ಕಣಕಾಲಿನ ಮೂಳೆ ನೋವು ಹಿಡಿದು ಮೈದಾನದ ಬದಿಯಲ್ಲಿ ಕೂರಬೇಕಾಗುತ್ತದೆ. ಕ್ಯಾನ್ವಾಸ್ ಶೂನಲ್ಲಿ ಡಾಂಬರಿನ ಮೇಲೆ ಓಡಬೇಡಿ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಸುತ್ತಿನ ದಾರಿ ಇದೆ, ಮಂಡ್ಯದವರಿಗೆ ಸರ್ ಎಂ.ವಿ. ಕ್ರೀಡಾಂಗಣ ಇದೆ. ನಾಲೆಯ ಏರಿಯ ಮೇಲೆ ಬೆಳಗಿನ ಕತ್ತಲಲ್ಲಿ ಓಡುವುದು ಬೇಡ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು ಒಳ್ಳೆಯ ಕಸರತ್ತು, ಆದರೆ ಇಳಿಯುವಾಗ ಬಸ್ಸು ಹಿಡಿಯಿರಿ. ಮಂಡಿ ಹಾಳಾಗುವುದು ಇಳಿಯುವಾಗಲೇ.

ಇನ್ನು ಡ್ರಿಲ್. ನೆಟ್ಟಗೆ ನಿಲ್ಲುವ ಸಾವಧಾನ್‌ನಲ್ಲಿ (ಅಟೆನ್ಷನ್) ಹಿಮ್ಮಡಿ ಕೂಡಿ ಬೂಟಿನ ಮೂತಿಗಳ ನಡುವೆ 30 ಡಿಗ್ರಿ ಕೋನ, ಕಾಲು ಅಗಲಿಸಿ ನಿಲ್ಲುವ ವಿಶ್ರಾಮ್‌ನಲ್ಲಿ ಎಡಗಾಲು 12 ಇಂಚು ಎಡಕ್ಕೆ. ಇಷ್ಟು ಗೊತ್ತಿದ್ದರೆ ಸಾಕು. ವಿಡಿಯೊ ನೋಡಿ ಪೂರ್ತಿ ಡ್ರಿಲ್ ಕಲಿತು ಹೋಗಬೇಡಿ, ತಪ್ಪು ಕಲಿತದ್ದನ್ನು ಮರೆಸುವುದೇ ಡ್ರಿಲ್ ಕಲಿಸುವವರಿಗೆ ಹೆಚ್ಚಿನ ಕೆಲಸವಾಗುತ್ತದೆ.

ಕೂದಲು, ಬಟ್ಟೆ, ಟ್ರಂಕು

ಕೂದಲು ಹಿಂದಿನ ದಿನವೇ ಕತ್ತರಿಸಿಕೊಳ್ಳಿ. ಹೆಣ್ಣುಮಕ್ಕಳು ಕಪ್ಪು ನೆಟ್, ಕಪ್ಪು ಪಿನ್ ಇಟ್ಟುಕೊಂಡು ಬಿಗಿಯಾಗಿ ತುರುಬು ಕಟ್ಟುವುದನ್ನು ಮನೆಯಲ್ಲೇ ಅಭ್ಯಾಸ ಮಾಡಲಿ, ಐದು ನಿಮಿಷದೊಳಗೆ ಆಗಬೇಕು. ಎರಡು ತಿಂಗಳಿಗಾಗುವಷ್ಟು ಪ್ಯಾಡ್, ಮೂರು ಸ್ಪೋರ್ಟ್ಸ್ ಬ್ರಾ ಅವರ ಪಟ್ಟಿಯಲ್ಲಿ ಮೊದಲು ಬರಲಿ.

ಖಾಕಿ ಸಮವಸ್ತ್ರವನ್ನು ಮುಂಚೆಯೇ ಹೊಲಿಸಬೇಡಿ. ಅಂಗಡಿಯ ಖಾಕಿಗೂ ಇಲಾಖೆಯ ಖಾಕಿಗೂ ಛಾಯೆ ಹೊಂದದೆ ಹೋಗಬಹುದು, ಜೊತೆಗೆ ಮೊದಲೆರಡು ತಿಂಗಳಲ್ಲಿ ಹಲವರ ಸೊಂಟ ಇಳಿಯುತ್ತದೆ. ಬಿಳಿ ಬನಿಯನ್ ಆರು, ಪಿ.ಟಿ. ಚಡ್ಡಿ ಹೇಳಿದ ಬಣ್ಣದ್ದು, ಬಿಳಿ ಕ್ಯಾನ್ವಾಸ್ ಶೂ ಒಂದು ಜೊತೆ. ಟ್ರಂಕು ಮಂಚದ ಕೆಳಗೆ ನುಗ್ಗುವಷ್ಟೇ ಎತ್ತರವಿರಲಿ. ಅದರ ಮೇಲೆ ಹೆಸರು ಬರೆಸಿ, ಬೀಗದ ಎರಡನೇ ಕೀ ಮನೆಯಲ್ಲಿ ಬಿಡಬೇಡಿ. ಸೊಳ್ಳೆ ಪರದೆ, ತಟ್ಟೆ ಲೋಟ, ಬಕೆಟ್ಟು, ಚೊಂಬು, ಟಾರ್ಚು, ಸೂಜಿ ದಾರ, ಬಿಳಿ ಮತ್ತು ಖಾಕಿ ಬಣ್ಣದ ಗುಂಡಿಗಳು. ಚಿನ್ನದ ಸರ, ಉಂಗುರ ಮನೆಯಲ್ಲೇ ಇರಲಿ.

ಫೋನು ಕೈಯಲ್ಲಿಲ್ಲದಾಗ

ತರಬೇತಿಯ ಹೊತ್ತಿನಲ್ಲಿ ಫೋನು ಕೈಯಲ್ಲಿರುವುದಿಲ್ಲ ಎಂದೇ ತಿಳಿದು ಹೊರಡಿ. ಫೋನು ಇಲ್ಲದಿದ್ದರೆ ಒಟಿಪಿ ಇಲ್ಲ, ಯುಪಿಐ ಇಲ್ಲ. ಸಾಲದ ಕಂತು, ಮನೆಯ ಬಿಲ್ಲುಗಳನ್ನು ಮೊದಲೇ ಬೇರೆಯವರ ಕೈಗೆ ವಹಿಸಿ. ಮೆಸ್ಸಿನ ಮುಂಗಡಕ್ಕೂ ಸಣ್ಣ ಖರ್ಚಿಗೂ ನೂರು, ಐವತ್ತರ ನೋಟುಗಳನ್ನು ಇಟ್ಟುಕೊಳ್ಳಿ. ಮನೆಯವರ ನಾಲ್ಕು ನಂಬರುಗಳನ್ನು ಬಾಯಿಪಾಠ ಮಾಡಿ, ಜೇಬಿನ ಪುಸ್ತಕದಲ್ಲೂ ಬರೆದಿಡಿ.

ಪುಸ್ತಕ

ಹಳೆಯ ಪುಸ್ತಕದಂಗಡಿಯಲ್ಲಿ ಹಿಂದಿನ ಅಪರಾಧ ಕಾನೂನುಗಳಾದ ಐಪಿಸಿ, ಸಿಆರ್‌ಪಿಸಿಗಳ ಗೈಡುಗಳನ್ನು ಅಗ್ಗಕ್ಕೆ ಸಿಕ್ಕವೆಂದು ಹೊತ್ತು ತರಬೇಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ಕೊಲೆಗೆ ಐಪಿಸಿಯ ಕಲಂ 302 ಹೋಗಿ ನ್ಯಾಯ ಸಂಹಿತೆಯ ಕಲಂ 103 ಬಂದಿದೆ, ಎಫ್‌ಐಆರ್ ದಾಖಲಿಸುವ ಸಿಆರ್‌ಪಿಸಿಯ 154ರ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 173 ಬಂದಿದೆ. ಈ ಮೂರರ ಕನ್ನಡ ಆವೃತ್ತಿಗಳ ಜೊತೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪುಸ್ತಕ ಇದ್ದರೆ ಶುರುವಿಗೆ ಸಾಕು.

ಹೊರಡುವ ದಿನ

ದೂರದವರು ಹಿಂದಿನ ಸಂಜೆಯೇ ಮೈಸೂರು ಸೇರಿ. ಮಂಡ್ಯದಿಂದ ಹೋಗುವವರು ಹೇಳಿದ ಹೊತ್ತಿಗಿಂತ ಎರಡು ಗಂಟೆ ಮೊದಲು ಗೇಟಿನ ಬಳಿ ಇರುವಂತೆ ಹೊರಡಿ. ರಾತ್ರಿ ಬಿರಿಯಾನಿ ಬೇಡ, ಬೆಳಗ್ಗೆ ಇಡ್ಲಿಯೋ ಉಪ್ಪಿಟ್ಟೋ ತಿನ್ನದೆ ಹೋಗುವುದೂ ಬೇಡ. ಬಿಳಿ ಅಂಗಿ ಇನ್‌ಶರ್ಟ್ ಮಾಡಿ, ಗಡ್ಡ ಬೋಳಿಸಿರಲಿ. ಪಳಗಿದ ಬೂಟು ಟ್ರಂಕಿನಲ್ಲಿ ಬೇಡ, ಕಾಲಲ್ಲೇ ಇರಲಿ. ಮೂಲ ದಾಖಲೆಗಳ ಫೈಲು ಕೈಚೀಲದಲ್ಲಿರಲಿ. ಟ್ರಂಕನ್ನು ಒಂದು ಕಡೆ ಇಡಿಸಿ, ದಾಖಲೆಗಳನ್ನು ಇನ್ನೊಂದು ಕಡೆ ನೋಡಬಹುದು. ಬ್ಯಾರಕ್ಕಿನಲ್ಲಿ ಮಂಚ ಸಿಕ್ಕ ಕೂಡಲೇ ಸೊಳ್ಳೆ ಪರದೆ ಕಟ್ಟಿ, ಬೂಟಿನ ಧೂಳು ಒರೆಸಿ ಒಂದು ತೆಳು ಪದರ ಪಾಲಿಶ್ ಹಚ್ಚಿ, ಬೆಳಗಿನ ಪಿ.ಟಿ. ಬಟ್ಟೆಯನ್ನು ಟ್ರಂಕಿನ ಮೇಲೆ ತೆಗೆದಿಟ್ಟು ಮಲಗಿ.